ಗೈಡ್ ಇಂಗ್ಲಿಷ್

ಐಇಎಲ್‌ಟಿಎಸ್ ತಯಾರಿಯ ಪುಸ್ತಕಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಎತ್ತಿಕೊಳ್ಳಬೇಕು ಅನ್ನೋದು ನನ್ನ ವಾದ. ಬೆಂಗಳೂರಿನಲ್ಲಿ ನಮ್ಮ ವಯಸ್ಸಿನ ಎಷ್ಟೋ ಜನ ಕಾದಂಬರಿಗಿಂತ ಹೆಚ್ಚು ಶ್ರದ್ಧೆಯಿಂದ ಓದೋದು ಇವನ್ನೇ. ಹಗಲು ಆಫೀಸು, ರಾತ್ರಿ ಊಟ ಆದ ಮೇಲೆ ಮಾಕ್ ಟೆಸ್ಟ್. ಪರೀಕ್ಷೆಯ ಫೀಸು 15,000 ರೂಪಾಯಿ ದಾಟುತ್ತೆ, ಫಲಿತಾಂಶದ ಆಯಸ್ಸು ಎರಡೇ ವರ್ಷ. ಇಷ್ಟು ದುಡ್ಡು, ಇಷ್ಟು ನಿದ್ದೆ ತಿನ್ನುವ ಪುಸ್ತಕ ನಿಜಕ್ಕೂ ಏನು ಕಲಿಸುತ್ತೆ ಅಂತ ಕೇಳಬೇಕಲ್ಲವಾ?

ಮೊದಲು ಒಳ್ಳೆಯದನ್ನೇ ಹೇಳ್ತೀನಿ. ರೀಡಿಂಗ್ ಭಾಗದಲ್ಲಿ 60 ನಿಮಿಷ, 40 ಪ್ರಶ್ನೆ. ಅದರಲ್ಲಿ ಬರುವ ‘ಟ್ರೂ, ಫಾಲ್ಸ್, ನಾಟ್ ಗಿವನ್’ ಅನ್ನುವ ಪ್ರಕಾರ ನನಗೆ ತುಂಬ ಇಷ್ಟ. ಊರಿನ ಕೆರೆ ಬತ್ತಿತು ಅಂತ ಪಠ್ಯದಲ್ಲಿದೆ ಅಂದುಕೊಳ್ಳಿ. ಮಳೆ ಕಡಿಮೆಯಾಗಿ ಕೆರೆ ಬತ್ತಿತು ಅಂತ ಪ್ರಶ್ನೆಯಲ್ಲಿದೆ. ನಮ್ಮ ತಲೆ ತಟ್ಟನೆ ‘ಟ್ರೂ’ ಅನ್ನುತ್ತೆ. ಸರಿಯುತ್ತರ ‘ನಾಟ್ ಗಿವನ್’. ಕಾರಣವನ್ನು ಪಠ್ಯ ಹೇಳಿಯೇ ಇಲ್ಲ, ಅದನ್ನು ಸೇರಿಸಿದ್ದು ನಾವು. ಇದನ್ನು ನೂರು ಸಲ ಅಭ್ಯಾಸ ಮಾಡಿದವರು ಫ್ಯಾಮಿಲಿ ಗ್ರೂಪಿಗೆ ಬರುವ ವಾಟ್ಸಾಪ್ ಫಾರ್ವರ್ಡನ್ನೂ ಬೇರೆ ಕಣ್ಣಿನಿಂದ ಓದ್ತಾರೆ. ಇಂಥ ಅಭ್ಯಾಸ ಪರೀಕ್ಷೆ ಮುಗಿದ ಮೇಲೂ ಉಳಿಯುತ್ತೆ.

ಕೆಡೋದು ರೈಟಿಂಗ್‌ನಲ್ಲಿ. ಒಂದು ಗಂಟೆ, ಎರಡು ಬರಹ: ಒಂದು ಕನಿಷ್ಠ 150 ಪದ, ಇನ್ನೊಂದು 250. ಎರಡನೆಯದಕ್ಕೆ ತೂಕ ದುಪ್ಪಟ್ಟು. ಹಾಗಾಗಿ ಗೈಡುಗಳೆಲ್ಲ ಅದರ ಮೇಲೇ ಬಿದ್ದಿವೆ. ಎಲ್ಲದರಲ್ಲೂ ಒಂದೇ ಅಚ್ಚು. ಶುರುವಿಗೆ ‘ಇಂದಿನ ಆಧುನಿಕ ಯುಗದಲ್ಲಿ’ ಅನ್ನೋದರ ಇಂಗ್ಲಿಷ್, ನಡುವೆ ‘ಮೋರೋವರ್’, ‘ಫರ್ದರ್‌ಮೋರ್’, ಕೊನೆಗೆ ‘ಎರಡಕ್ಕೂ ಅದರದೇ ಲಾಭ ನಷ್ಟಗಳಿವೆ’. ಎಸ್ಸೆಸ್ಸೆಲ್ಸಿ ಗೈಡಿನಲ್ಲಿ ‘ಗ್ರಂಥಾಲಯದ ಮಹತ್ವ’ ಬಾಯಿಪಾಠ ಮಾಡಿದವರಿಗೆ ಇದು ಹಳೇ ಪರಿಚಯ. ಸರ್ಕಾರ ರಸ್ತೆಗೆ ಖರ್ಚು ಮಾಡಬೇಕೋ ಬಸ್ಸು ರೈಲಿಗೋ ಅಂತ ಪ್ರಶ್ನೆ ಬಂತು ಅನ್ನಿ. ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರ ಹತ್ತಿರ ಇದರ ಬಗ್ಗೆ ಹೇಳೋಕೆ ರಾಶಿ ವಿಷಯ ಇರುತ್ತೆ. ಆದರೆ ಅಚ್ಚಿನಲ್ಲಿ ಅದಕ್ಕೆ ಜಾಗವಿಲ್ಲ. ಮೂವತ್ತು ವರ್ಷದ ಮನುಷ್ಯ ತನ್ನ ಅನುಭವ ಬದಿಗಿಟ್ಟು, ಯಾರದೋ ಅಭಿಪ್ರಾಯವನ್ನು ತನ್ನದು ಅಂತ ಬರೆದು ಬರ್ತಾನೆ.

ತಮಾಷೆ ಏನು ಗೊತ್ತಾ? ಪರೀಕ್ಷೆ ಇದನ್ನು ಕೇಳ್ತಾನೇ ಇಲ್ಲ. ಯಾವ ಬ್ಯಾಂಡಿಗೆ ಬರವಣಿಗೆ ಹೇಗಿರಬೇಕು ಅನ್ನೋ ಮಾನದಂಡ ಬಹಿರಂಗವಾಗಿಯೇ ಇದೆ, ಯಾರು ಬೇಕಾದರೂ ಓದಬಹುದು. 9ರ ಬರಹದಲ್ಲಿ ವಾಕ್ಯಗಳ ಬೆಸುಗೆ ಓದುಗನ ಗಮನಕ್ಕೆ ಬರೋದೇ ತೀರ ಅಪರೂಪವಾಗಿರಬೇಕು. ಬೆಸುಗೆ ಯಾಂತ್ರಿಕವಾಗಿರಬಹುದು ಅನ್ನೋ ಮಾತು ಬರೋದು 6ರ ವಿವರಣೆಯಲ್ಲಿ. ಅಂದ್ರೆ ಪ್ಯಾರಾಗೊಂದು ‘ಮೋರೋವರ್’ ತುರುಕುವ ಗೈಡು ನಿಮ್ಮನ್ನು ತಯಾರು ಮಾಡ್ತಿರೋದು 6ಕ್ಕೆ. ಮುಖಪುಟದ ಮೇಲೆ ಮಾತ್ರ 8 ಅಂತ ಇರುತ್ತೆ.

ಸ್ಪೀಕಿಂಗ್ ಕಥೆಯೂ ಇದೇ. 11ರಿಂದ 14 ನಿಮಿಷದ ಮಾತುಕತೆ. ನಡುವೆ ಒಂದು ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸ್ತಾರೆ. ಇದಕ್ಕೂ ಉರು ಹೊಡೆದ ಕಥೆಗಳು ಮಾರಾಟಕ್ಕಿವೆ, ಜೊತೆಗೆ ಬ್ರಿಟಿಷ್ ಆಕ್ಸೆಂಟ್ ಕ್ಲಾಸು. ಉಚ್ಚಾರಣೆಯಲ್ಲಿ ಅಳೆಯೋದು ಮಾತು ಎಷ್ಟು ಸುಲಭವಾಗಿ ಅರ್ಥವಾಗುತ್ತೆ ಅನ್ನೋದನ್ನ. ಹಾಸನದವರ ಇಂಗ್ಲಿಷ್ ಹಾಸನದ್ದೇ ಆಗಿದ್ದರೂ, ಸ್ಪಷ್ಟವಾಗಿದ್ದರೆ ಸಾಕು.

ಹಾಗಂತ ಪರೀಕ್ಷೆ ನಡೆಸುವವರು ಸಾಚಾ ಅಂತಲ್ಲ. ಅವರು ಕೊಡೋದು ಅಂಕಿ ಮಾತ್ರ. ತಿದ್ದಿದ ಉತ್ತರ ಪತ್ರಿಕೆ ನಿಮ್ಮ ಕೈಗೆ ಬರಲ್ಲ. 6.5 ಬಂದವರಿಗೆ ಆ ಅರ್ಧ ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ. ಆ ಅರ್ಧದ ಬೆಲೆ ಸಣ್ಣದಲ್ಲ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಮೊದಲು ನಾಲ್ಕೂ ಭಾಗದಲ್ಲಿ 7 ಕೇಳ್ತಿತ್ತು, 2018ರ ಕೊನೆಗೆ ರೈಟಿಂಗ್‌ಗೆ ಮಾತ್ರ 6.5 ಸಾಕು ಅಂತು. ಅಲ್ಲಿಯವರೆಗೆ ವಾರ್ಡಿನಲ್ಲಿ ಚೆನ್ನಾಗಿ ಕೆಲಸ ಮಾಡಬಲ್ಲ ನರ್ಸನ್ನೂ ಒಂದು ಪ್ರಬಂಧ ತಡೆದು ನಿಲ್ಲಿಸಬಹುದಿತ್ತು. ಎಲ್ಲಿ ತಪ್ಪಾಯಿತು ಅಂತ ಹೇಳುವವರಿಲ್ಲದ ಕಡೆ, ಹೀಗೇ ಬರಿ ಅಂತ ಧೈರ್ಯವಾಗಿ ಹೇಳುವವನ ಅಂಗಡಿ ನಡೆಯುತ್ತೆ. ಗೈಡುಗಳು ಬದುಕಿರೋದು ಆ ಮೌನದ ಮೇಲೆ.

ಅಚ್ಚು ಪೂರ್ತಿ ವ್ಯರ್ಥ ಅಂತಾನೂ ಹೇಳಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ ಬರೆದೇ ಗೊತ್ತಿಲ್ಲದವರಿಗೆ ಅದು ಹಿಡಿದು ನಡೆಯುವ ಕೋಲು. 6 ಸಾಕು ಅನ್ನುವವರಿಗೆ ಅಷ್ಟೇ ಸಾಕು. ಅದರ ಮೇಲೆ ಬೇಕಿದ್ದವರಿಗೆ ನನ್ನದೊಂದು ಸಲಹೆ: ಪ್ರಶ್ನೆ ಓದಿದ ತಕ್ಷಣ ಪೆನ್ನು ಹಿಡೀಬೇಡಿ. ಪಕ್ಕದಲ್ಲಿರುವವರ ಜೊತೆ ಐದು ನಿಮಿಷ ಕನ್ನಡದಲ್ಲೇ ಜಗಳ ಆಡಿ. ನೀವು ಯಾವ ಕಡೆ, ಯಾಕೆ, ಅದಕ್ಕೆ ನೀವೇ ಕಂಡ ಉದಾಹರಣೆ ಏನು? ಅದು ಸಿಕ್ಕ ಮೇಲೆ ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಿರಿ. ‘ಬಟ್’, ‘ಬಿಕಾಸ್’, ‘ಸೋ’ಗಳಿಂದಲೇ ತುಂಬ ದೂರ ಹೋಗಬಹುದು.