ಶ್ರೇಷ್ಠ ಗೀತೆ ಯಾವುದು?

ಧ್ವನಿಮುದ್ರಿತ ಚಿತ್ರಗೀತೆಗಳಲ್ಲಿ ಸರ್ವಶ್ರೇಷ್ಠವಾದುದು ಯಾವುದೆಂಬ ವಾದವು ರಸಿಕರಲ್ಲಿ ಎಂದಿಗೂ ಮುಗಿಯದು. ಹೂವಿನ ಹಿಪ್ಪರಗಿಯ ಕಡೆಯ ನಮಗೆ ಈ ವಾದದಲ್ಲಿ ಅಭಿಮಾನದ ಪಾಲೂ ಉಂಟು. 1943ರ ‘ಕಿಸ್ಮತ್’ ಹಿಂದೀ ಚಿತ್ರದಲ್ಲಿ ಹಾಡಿದ ಅಮೀರಬಾಯಿ ಕರ್ನಾಟಕಿಯವರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯವರು. ಆದರೆ ಅಭಿಮಾನವು ವಿಮರ್ಶೆಯಾಗಲಾರದು; ಹಾಡುಗಳನ್ನೇ ತೂಗಿ ನೋಡತಕ್ಕದ್ದು.

ಆ ಚಿತ್ರವು ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಜನಸಂದಣಿಯು ಹಾಡಿನ ಬೆಲೆಗೆ ಸಾಕ್ಷಿಯಲ್ಲ. ಅನಿಲ ಬಿಸ್ವಾಸರ ಸಂಗೀತದಲ್ಲಿ ಅಮೀರಬಾಯಿಯವರ ಎರಡು ಹಾಡುಗಳು ಅಲ್ಲಿ ಪ್ರಖ್ಯಾತವಾದವು. ಖಾನ್ ಮಸ್ತಾನರೊಡನೆ ಹಾಡಿದ ದೇಶಗೀತೆಯಲ್ಲಿ ಜರ್ಮನರ, ಜಪಾನೀಯರ ಹೆಸರಿದ್ದರೂ ಕೇಳುಗರು ಆಂಗ್ಲರೆಂದೇ ತಿಳಿದರು. 1942ರ ಚಳವಳಿಯ ಬಿಸಿ ಆರದಿದ್ದ ಕಾಲವದು. ಹಾಡಿನ ಅರ್ಧ ಬಲವು ಆ ಕಾಲದ್ದೇ.

ಇನ್ನೊಂದು, ಮಲಗಿದ ಜೀವದ ನಿದ್ರೆ ಕೆಡದಂತೆ ಮೆಲ್ಲನೆ ಬಾರೆಂದು ಮೋಡವನ್ನು ಬೇಡುವ ಹಾಡು. ಹೇಳುವ ಮಾತಿನಂತೆಯೇ ಇಲ್ಲಿ ಕಂಠವೂ ಮೆಲ್ಲನೆ ಅಡಿಯಿಡುತ್ತದೆ. ಭಾವವೂ ನಾದವೂ ಬೇರೆಯಾಗಿ ಉಳಿಯುವುದಿಲ್ಲ. ಹಿಂದಿಯನ್ನಾಗಲಿ, ಅಂದಿನ ಚರಿತ್ರೆಯನ್ನಾಗಲಿ ಅರಿಯದವನಿಗೂ ಅದು ಮುಟ್ಟುತ್ತದೆ.

ಋಣಕ್ಕೂ ರಸಕ್ಕೂ ಭೇದವುಂಟು. ದೇಶಗೀತೆಯ ಋಣವು ದೊಡ್ಡದು, ಅದನ್ನು ಮರೆಯಲಾಗದು. ಆದರೆ ಶ್ರೇಷ್ಠತೆಯ ಪಟ್ಟವನ್ನು ಕಾಲದ ಆಸರೆಯಿಲ್ಲದೆ ನಿಂತ ಹಾಡಿಗೇ ಕಟ್ಟತಕ್ಕದ್ದೆಂದು ನಮ್ಮ ಮತ. ಒಪ್ಪದ ರಸಿಕರು ಎರಡನ್ನೂ ಒಂದರ ಹಿಂದೊಂದು ಕೇಳಿ ಉತ್ತರ ಕೊಡಲಿ.