ಮಾಲ್ಬೆಕ್: ಕಗ್ಗಪ್ಪು ಬಣ್ಣ, ಮೆತ್ತನೆಯ ಒಗರು

ಕೆಂಪು ವೈನ್ ಒಗರೆಂದು ಒಂದೇ ಗುಟುಕಿಗೆ ಮುಖ ಕಿವುಚಿದವರು ಅರ್ಜೆಂಟೀನಾದ ಮಾಲ್ಬೆಕ್ ಕುಡಿದು ನೋಡಬೇಕು. ಬಣ್ಣ ನೋಡಿ ಹೆದರಬೇಡಿ. ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾಲಿಸಿ ಹಿಡಿಯಿರಿ: ನಡುವೆ ಬೆಳಕೇ ತೂರದಷ್ಟು ದಟ್ಟ, ಅಂಚಿನಲ್ಲಿ ಮಾತ್ರ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಎಳೆಯ ಮಾಲ್ಬೆಕ್‌ನ ಗುರುತು ಅದು. ವಯಸ್ಸಾದಂತೆ ಅಂಚು ಇಟ್ಟಿಗೆಯ ಕಡೆಗೆ ತಿರುಗುತ್ತದೆ.

ಮೂಗಿಗೆ ಮೊದಲು ಸಿಗುವುದು ಮಾಗಿದ ಪ್ಲಮ್, ಬ್ಲ್ಯಾಕ್‌ಬೆರಿ. ಸ್ವಲ್ಪ ತಾಳಿದರೆ, ಒಳ್ಳೆಯ ಬಾಟಲಿಯಾಗಿದ್ದರೆ, ವಯಲೆಟ್ ಹೂವಿನ ಪರಿಮಳವೂ ಏಳುತ್ತದೆ. ವೆನಿಲಾ, ಹೊಗೆ, ಕಾಫಿಯ ವಾಸನೆ ಬಂತೆ? ಅದು ಸಾಮಾನ್ಯವಾಗಿ ಓಕ್ ಪೀಪಾಯಿಯ ಕೊಡುಗೆ. ಹಣ್ಣನ್ನು ಮರ ನುಂಗಿಹಾಕಿದ ವೈನ್‌ಗೆ ಹೆಚ್ಚು ದುಡ್ಡು ಸುರಿಯುವುದು ದಂಡ.

ಮಾಲ್ಬೆಕ್ ದ್ರಾಕ್ಷಿಯ ತವರು ನೈರುತ್ಯ ಫ್ರಾನ್ಸ್. 1853ರಲ್ಲಿ ಅರ್ಜೆಂಟೀನಾದ ಮೆಂಡೋಜಾದಲ್ಲಿ ಕೃಷಿಶಾಲೆ ಕಟ್ಟಲು ಬಂದ ಮಿಶೆಲ್ ಪುಜೆ ಎಂಬ ಫ್ರೆಂಚ್ ಕೃಷಿತಜ್ಞ ಇದರ ಸಸಿಗಳನ್ನೂ ತಂದ. ಮೆಂಡೋಜಾ ಮಳೆ ತೀರಾ ಕಡಿಮೆಯಿರುವ ಸೀಮೆ. ಆಂಡಿಸ್‌ನ ಹಿಮ ಕರಗಿದ ನೀರು ಕಾಲುವೆಗಳಲ್ಲಿ ಹರಿದು ಬಂದರೆ ಉಂಟು ಬೆಳೆ. ಇಲ್ಲಿ ಎತ್ತರವೇ ಎಲ್ಲ. ಹಗಲಿನ ಚುರುಕು ಬಿಸಿಲಿಗೆ ಸಿಪ್ಪೆ ದಪ್ಪವಾಗಿ ಬಣ್ಣ ಕಟ್ಟುತ್ತದೆ, ರಾತ್ರಿಯ ಚಳಿ ಹುಳಿಯನ್ನು ಕಾಯುತ್ತದೆ. ವೈನ್ ತಯಾರಕ ನಿಕೊಲಾಸ್ ಕತೇನಾ 1992ರಲ್ಲಿ ಊಕೋ ಕಣಿವೆಯ ಗ್ವಾಲ್ತಯಾರಿಯಲ್ಲಿ, ಸುಮಾರು 1,450 ಮೀಟರ್ ಎತ್ತರದಲ್ಲಿ ಬಳ್ಳಿ ನೆಟ್ಟಾಗ, ಅಷ್ಟು ಚಳಿಯಲ್ಲಿ ಹಣ್ಣು ಮಾಗೀತೇ ಎಂಬ ಅನುಮಾನವಿತ್ತು. ಮಾಗಿತು, ಇಂದು ಆ ಕಣಿವೆಯ ಹೆಸರಿರುವ ಬಾಟಲಿಗೆ ತೂಕವೇ ಬೇರೆ.

ಆದ್ದರಿಂದ ರಸಿಕರು ಹುಡುಕಬೇಕಾದದ್ದು ಹಣ್ಣಿನ ಸಿಹಿಯನ್ನಲ್ಲ, ಅದರ ಬೆನ್ನಿಗಿರುವ ಹುಳಿಯನ್ನು. ನುಂಗಿದ ಮೇಲೆ ಬಾಯಲ್ಲಿ ನೀರೂರಬೇಕು. ಬರೀ ಜಾಮ್‌ನ ರುಚಿ, ಗಂಟಲಲ್ಲಿ ಮದ್ಯದ ಉರಿ ಉಳಿದರೆ ಅದು ಸಪ್ಪೆ ವೈನ್, ಬಾಟಲಿ ಎಷ್ಟೇ ಭಾರವಿರಲಿ. ಆ ಉರಿಗೆ ನಾವೂ ಕಾರಣರಾಗಿರಬಹುದು: ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕೆಂಬ ಮಾತು ಚಳಿ ದೇಶದ್ದು. ನಮ್ಮ ಬೇಸಿಗೆಯಲ್ಲಿ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. 16ರಿಂದ 18 ಡಿಗ್ರಿ ಸಾಕು. ಅರ್ಜೆಂಟೀನಾದವರು ಇದನ್ನು ಕೆಂಡದ ಮೇಲೆ ಸುಟ್ಟ ಮಾಂಸದೊಂದಿಗೆ ಕುಡಿಯುತ್ತಾರೆ; ಉಪ್ಪು, ಕೊಬ್ಬು, ಹೊಗೆ ಇದಕ್ಕೆ ಒಗ್ಗುತ್ತವೆ. ತೀರಾ ಖಾರದ ಅಡುಗೆಯೊಂದಿಗೆ ಮಾತ್ರ ಬೇಡ, ಮದ್ಯ ಉರಿಯನ್ನು ಹೆಚ್ಚಿಸುತ್ತದೆ.

ನಾಲಿಗೆ ಪಳಗಿದ ಮೇಲೆ ಫ್ರಾನ್ಸಿನ ಕಾಓರ್ ಪ್ರದೇಶದ ವೈನ್‌ಗೆ ಹೋಗಿ. ಕನಿಷ್ಠ ಶೇ. 70 ಮಾಲ್ಬೆಕ್ ಇರಬೇಕೆಂಬುದು ಅಲ್ಲಿನ ಕಟ್ಟಳೆ. ಅದೇ ದ್ರಾಕ್ಷಿ, ಆದರೆ ಒಗರು ಬಿಗಿ, ಹಣ್ಣು ಹಿಂದೆ, ಮಣ್ಣಿನ ವಾಸನೆ ಮುಂದೆ. ಕುಡಿಯುವುದಕ್ಕೆ ಒಂದು ಗಂಟೆ ಮೊದಲೇ ಅಗಲಬಾಯಿಯ ಹೂಜಿಗೆ ಸುರಿದಿಡಿ.