ಭಗ್ನದಂತ ಚಿಕಿತ್ಸೆ: ಒಂದು ವಿಮರ್ಶೆ

ದಕ್ಷಯಜ್ಞದ ಕಥೆಯನ್ನು ಬಲ್ಲವರಿಗೆ ಪೂಷನ ಪಾಡು ತಿಳಿದೇ ಇದೆ. ಶಿವನಿಂದೆ ನಡೆಯುತ್ತಿದ್ದಾಗ ಹಲ್ಲು ಕಿರಿದು ನಕ್ಕ ಆ ದೇವತೆಯ ದಂತಪಂಕ್ತಿಯನ್ನು ರುದ್ರಗಣವು ಉದುರಿಸಿಬಿಟ್ಟಿತು. ಭಾಗವತದ ಪ್ರಕಾರ, ಯಜ್ಞವು ಮರಳಿ ಸಾಂಗವಾದ ಮೇಲೂ ಅವನಿಗೆ ಹಲ್ಲು ಬರಲಿಲ್ಲ, ಹಿಟ್ಟನ್ನುಂಡು ಬಾಳುವುದೂ ಯಜಮಾನನ ಹಲ್ಲಿನಿಂದ ಅಗಿಯುವುದೂ ಅವನ ಪಾಲಿಗೆ ಬಂದವು. ಚರಕಸಂಹಿತೆಯಾದರೋ ಬೇರೆ ಮಾತನ್ನಾಡುತ್ತದೆ: ಅಶ್ವಿನೀದೇವತೆಗಳ ಚಿಕಿತ್ಸಾಕೌಶಲವನ್ನು ಕೊಂಡಾಡುವಲ್ಲಿ, ಯಜ್ಞನ ಕಡಿದ ತಲೆಯನ್ನು ಅವರು ಕೂಡಿಸಿದುದರ ಜೊತೆಗೆ ಪೂಷನ ಉದುರಿದ ಹಲ್ಲುಗಳನ್ನು ಸರಿಪಡಿಸಿದುದನ್ನೂ ಅದು ಎಣಿಸುತ್ತದೆ. ಪೌರಾಣಿಕನು ಹಿಟ್ಟನ್ನು ವಿಧಿಸಿದಲ್ಲಿ ವೈದ್ಯನು ಹಲ್ಲನ್ನೇ ಮರಳಿ ಕೊಟ್ಟನು. ಹಲ್ಲಿನ ವಿಷಯದಲ್ಲಿ ನಮ್ಮ ಜನ ಬಹುಕಾಲ ಭಾಗವತದ ದಾರಿಯನ್ನೇ ಹಿಡಿದುಬಂದರೆಂದು ಹೇಳಬೇಕಾಗಿದೆ. ಮುರಿದದ್ದನ್ನು ಕೀಳಿಸು, ಮೆತ್ತನೆಯದನ್ನು ಉಣ್ಣು, ಉಳಿದದ್ದನ್ನು ಮರೆತುಬಿಡು ಎಂಬುದು ಮೊನ್ನೆಮೊನ್ನೆಯವರೆಗೂ ನಮ್ಮ ಗೃಹಸ್ಥರ ದಂತನೀತಿಯಾಗಿತ್ತು. ಈಗ ಕಾಲ ಬದಲಾಗಿ, ಕೀಳುವ ಆತುರದ ಜಾಗದಲ್ಲಿ ಕ್ಯಾಪು ತೊಡಿಸುವ ಆತುರ ಬಂದು ಕುಳಿತಿದೆ. ಈ ಎರಡು ಆತುರಗಳ ನಡುವೆ ಯುಕ್ತವಾದ ಚಿಕಿತ್ಸೆಯೊಂದು ಇದೆಯೆಂದೂ, ಅದರ ಯೋಗ್ಯತೆಯನ್ನು ಅಳೆಯಬೇಕಾದುದು ಹುಟ್ಟಿನಿಂದ ಬಂದ ಹಲ್ಲಿನಲ್ಲಿ ಎಷ್ಟನ್ನು ಅದು ಜೀವಸಹಿತ ಉಳಿಸಿತೆಂಬುದರಿಂದಲೇ ಎಂದೂ ನನ್ನ ಅಭಿಪ್ರಾಯ.

ಹಲ್ಲಿನ ಭಂಗವನ್ನು ಎಲುಬಿನ ಭಂಗದೊಡನೆ ಒಂದೇ ತಕ್ಕಡಿಯಲ್ಲಿಡುವುದು ಸಲ್ಲದು. ಮುರಿದ ಎಲುಬು ತಾನಾಗಿ ಕೂಡಿಕೊಳ್ಳುತ್ತದೆ. ಹಲ್ಲಿನ ಹೊರಗವಚವಾದ ಎನಾಮಲ್ಲಿಗೆ ಆ ಭಾಗ್ಯವಿಲ್ಲ. ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜವೇ ಆದ ಈ ಪದಾರ್ಥವು ಶರೀರದಲ್ಲೆಲ್ಲ ಅತ್ಯಂತ ಕಠಿನವಾದುದು, ಹಾಗೆಯೇ ಬಹಳ ಭಿದುರವಾದುದೂ ಹೌದು. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬೀಳುವ ವೇಳೆಗೇ ಅಳಿದುಹೋಗಿರುವುದರಿಂದ, ಒಡೆದುಹೋದುದನ್ನು ತುಂಬಿಕೊಡುವವರು ಯಾರೂ ಇಲ್ಲ. ಅದರ ಕೆಳಗಿರುವ ಡೆಂಟಿನ್ನು ಸುಮಾರು ನೂರಕ್ಕೆ 70ರಷ್ಟು ಮಾತ್ರ ಖನಿಜವಾಗಿದ್ದು, ಒಂದಿಷ್ಟು ಬಾಗುವ ಗುಣವುಳ್ಳದ್ದು, ಸೂಕ್ಷ್ಮನಾಳಗಳಿಂದ ತುಂಬಿದ್ದು. ಅದಕ್ಕೂ ಒಳಗೆ ರಕ್ತವೂ ನರವೂ ಇರುವ ಮಜ್ಜೆ. ಭಂಗವು ಈ ಮೂರರಲ್ಲಿ ಎಲ್ಲಿಯವರೆಗೆ ಇಳಿದಿದೆಯೆಂಬ ಪ್ರಶ್ನೆಯೇ ಚಿಕಿತ್ಸೆಯ ಮೊದಲನೆಯ ಪ್ರಶ್ನೆ, ಬಹುಮಟ್ಟಿಗೆ ಕೊನೆಯದೂ ಕೂಡ.

ಕಾರಣಗಳನ್ನು ಕೇಳಿದರೆ ರೋಗಿಯು ಯಾವಾಗಲೂ ಕಡೆಯ ಕಾರಣವನ್ನೇ ಹೇಳುತ್ತಾನೆ. ಅನ್ನದಲ್ಲಿ ಸಿಕ್ಕ ಕಲ್ಲು, ಗಟ್ಟಿ ಕೋಡುಬಳೆ, ಎಲುಬಿನ ಚೂರು, ಹಲ್ಲಿನಿಂದ ಕಚ್ಚಿ ತೆಗೆದ ಸೀಸೆಯ ಮುಚ್ಚಳ: ಇವೆಲ್ಲ ಅಪರಾಧಿಗಳೇ ಹೌದಾದರೂ, ಹಲವು ವೇಳೆ ಇವು ಆಗಲೇ ಸಡಿಲವಾದ ಕೋಟೆಯ ಬಾಗಿಲನ್ನು ಕಡೆಯದಾಗಿ ತಳ್ಳಿದವರು ಮಾತ್ರ. ಹುಳುಕು ಒಳಗೊಳಗೇ ಡೆಂಟಿನ್ನನ್ನು ತಿಂದು ಎನಾಮಲ್ಲಿನ ಚಾವಣಿಯನ್ನು ನಿರಾಧಾರವಾಗಿ ನಿಲ್ಲಿಸಿರುವುದುಂಟು. ಹಿಂದೆಂದೋ ತುಂಬಿಸಿದ ಅಗಲವಾದ ಬೆಳ್ಳಿಯ ಮಿಶ್ರಣವು ಹಲ್ಲಿನ ಗೋಡೆಗಳನ್ನು ತೆಳ್ಳಗೆ ಉಳಿಸಿರುವುದುಂಟು. ನಿದ್ರೆಯಲ್ಲಿ ಹಲ್ಲು ಮಸೆಯುವ ಅಭ್ಯಾಸವು ಇರುಳಿರುಳೂ ಬಿರುಕನ್ನು ಮುಂದಕ್ಕೆ ಒಯ್ಯುತ್ತಿರುವುದುಂಟು. ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇವುಗಳ ಜೊತೆಗೆ ಅಡಕೆಯನ್ನು ಎಣಿಸಲೇಬೇಕು. ಅಡಕೆಯ ಅರ್ಬುದಕಾರಕ ಗುಣದ ಬಗ್ಗೆ ಎಷ್ಟೋ ಮಾತು ನಡೆದಿದೆ, ಅದು ಸರಿಯೇ. ಆದರೆ ಹೋಳನ್ನು ದಿನಕ್ಕೆ ಹತ್ತಾರು ಬಾರಿ ದವಡೆಗೆ ಕೊಡುವವರ ಹಲ್ಲುಗಳು ಸವೆದು ಚಪ್ಪಟೆಯಾಗಿ, ಅಂಚು ಸಿಡಿದು, ಬುಡದವರೆಗೆ ಬಿರುಕುಬಿಡುವ ವಿಚಾರ ಅಷ್ಟು ಕೇಳಿಬರುವುದಿಲ್ಲ. ಬಯಲುಸೀಮೆಯ ಕೆಲವು ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡು ಇನ್ನೊಂದು ಬಗೆಯ ಕೇಡನ್ನು ಮಾಡುತ್ತದೆ: ವಿಷವು ತೀವ್ರವಾದಾಗ ಎನಾಮಲ್ಲು ಹುಟ್ಟಿನಿಂದಲೇ ಟೊಳ್ಳಾಗಿದ್ದು, ಹಲ್ಲು ಬಂದ ಕೆಲವೇ ವರ್ಷಗಳಲ್ಲಿ ಚಕ್ಕೆಚಕ್ಕೆಯಾಗಿ ಏಳತೊಡಗುತ್ತದೆ. ಬಾಲಕರ ಕಥೆಯೇ ಬೇರೆ. ಅಲ್ಲಿ ಹಲ್ಲು ನಿರ್ದೋಷವಾದುದು, ದೋಷವೆಲ್ಲ ಸೈಕಲ್ಲಿನದು, ಚೆಂಡಿನದು, ಶಾಲೆಯ ಮೆಟ್ಟಿಲಿನದು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಹೆಚ್ಚಾಗಿ ಬಲಿಯಾಗುವುವು, ಅವು ಮುಂಚಾಚಿದ್ದರಂತೂ ಅಪಾಯ ಇಮ್ಮಡಿ.

ಭಂಗದ ಅತ್ಯಂತ ದೊಡ್ಡ ಅಪಾಯ ನೋವಲ್ಲ, ನೋವಿನ ಉಪಶಮನ. ಮೊದಲ ದಿನಗಳಲ್ಲಿ ತಣ್ಣೀರು ಸೋಕಿದರೆ ಜುಮ್ಮೆನ್ನುತ್ತಿದ್ದ ಹಲ್ಲು ವಾರ ಕಳೆಯುವಷ್ಟರಲ್ಲಿ ಸುಮ್ಮನಾದರೆ, ಗುಣವಾಯಿತೆಂದು ಮನೆಯವರು ಸಮಾಧಾನಪಡುತ್ತಾರೆ. ಮಜ್ಜೆಯು ಸತ್ತುದರಿಂದ ಬಂದ ಮೌನವೂ ಅದೇ ಮೌನವೆಂಬುದು ಅವರಿಗೆ ತೋರುವುದಿಲ್ಲ. ಆಮೇಲೆ ಹಲ್ಲು ಬೂದುಬಣ್ಣಕ್ಕೆ ತಿರುಗುವುದು, ವಸಡಿನಲ್ಲಿ ಕೀವಿನ ಗುಳ್ಳೆ ಕಾಣಿಸುವುದು, ಬೇರಿನ ತುದಿಯ ಎಲುಬು ಕರಗುವುದು ಇವೆಲ್ಲ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ನಡೆಯುತ್ತವೆ. ಮಕ್ಕಳಲ್ಲಿ ನಷ್ಟವು ಇನ್ನೂ ಆಳವಾದುದು. ಏಳೆಂಟು ವರ್ಷಕ್ಕೆ ಹೊರಬರುವ ಬಾಚಿಹಲ್ಲಿನ ಬೇರು ಪೂರ್ಣವಾಗಿ ಬೆಳೆಯುವುದು ಹತ್ತರ ಸುಮಾರಿಗೆ. ನಡುವೆ ಮಜ್ಜೆ ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಂತು, ತೆಳುಗೋಡೆಯ ಆ ಬೇರು ಮುಂದೆ ಸಣ್ಣ ಪೆಟ್ಟಿಗೂ ಸೀಳುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಮುರಿದ ಚೂರು ಕಾಣದಿದ್ದರೆ ಅದು ನೆಲದಲ್ಲಿ ಬಿದ್ದಿದೆಯೆಂದು ಭಾವಿಸತಕ್ಕದ್ದಲ್ಲ, ಹರಿದ ತುಟಿಯೊಳಗೆ ಹುದುಗಿರಬಹುದು, ಶ್ವಾಸನಾಳಕ್ಕೂ ಇಳಿದಿರಬಹುದು.

ಈಗ ಚಿಕಿತ್ಸೆಗೆ ಬರೋಣ. ಸುಶ್ರುತನು ಹಲ್ಲಿನ ರೋಗಗಳನ್ನು ಎಂಟೆಂದು ಗಣಿಸಿ, ಹಲ್ಲು ಒಡೆಯುವ ಭಂಜನಕವನ್ನು ಅಸಾಧ್ಯಗಳ ಸಾಲಿಗೆ ಸೇರಿಸಿದನು. ಅವನ ಕಾಲಕ್ಕೆ ಅದು ಪ್ರಾಮಾಣಿಕವಾದ ತೀರ್ಮಾನ. ಕೈಲಾಗದುದನ್ನು ಕೈಲಾಗದೆಂದು ಬರೆದಿಡುವುದು ಶಾಸ್ತ್ರಕಾರನ ಲಕ್ಷಣವೇ ಸರಿ. ಆದರೆ ಅದೇ ತೀರ್ಮಾನವನ್ನು ಮುಂದಿನವರು ಸೋಮಾರಿತನಕ್ಕೆ ಆಧಾರವಾಗಿ ಬಳಸಿಕೊಂಡರು. ಕೀಳುವ ಪದ್ಧತಿಯ ಪರವಾಗಿ ಹೇಳಬಹುದಾದುದು ಇಷ್ಟೇ: ಅದು ಅಗ್ಗ, ಅದು ಶೀಘ್ರ, ಕೀವಿನಿಂದ ಮುಖ ಬಾತವನಿಗೆ ಅದು ಪ್ರಾಣರಕ್ಷಕವೂ ಆಗಬಹುದು. ಅದರ ವೆಚ್ಚವೆಲ್ಲ ಆಮೇಲಿನದು. ತೆರವಾದ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲುತ್ತವೆ, ಎದುರಿನ ಹಲ್ಲು ಇಳಿಯುತ್ತದೆ, ಆ ಸ್ಥಳದ ಎಲುಬು ಕ್ಷೀಣಿಸುತ್ತದೆ. ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುವುದೆಂಬ ನಂಬಿಕೆಯೊಂದು ನಮ್ಮಲ್ಲಿ ಇಂದಿಗೂ ಬಲವಾಗಿದೆ. ಹಲ್ಲಿಗೂ ದೃಷ್ಟಿಗೂ ಅಂಥ ಸಂಬಂಧವಾವುದೂ ಇಲ್ಲ. ಆದರೂ ಈ ಮೂಢನಂಬಿಕೆ ಒಂದಷ್ಟು ಮೇಲ್ಹಲ್ಲುಗಳನ್ನು ಇಕ್ಕಳದಿಂದ ಕಾಪಾಡಿರಲೇಬೇಕೆಂದು ನಾನು ಊಹಿಸುತ್ತೇನೆ, ಆ ಮಟ್ಟಿಗೆ ಅದಕ್ಕೆ ಕೃತಜ್ಞನೂ ಆಗಿದ್ದೇನೆ. ಲವಂಗದೆಣ್ಣೆಯ ಹತ್ತಿ ನೋವನ್ನು ಕೊಂಚ ಮಂದಗೊಳಿಸುವುದು ನಿಜ, ಹಲ್ಲನ್ನು ಕೂಡಿಸುವುದಿಲ್ಲ. ನೋವಿನ ಮಾತ್ರೆಯನ್ನು ವಸಡಿಗೆ ಒತ್ತಿಡುವವರು ಹಲ್ಲುನೋವಿನ ಮೇಲೆ ವಸಡಿನ ಸುಟ್ಟಗಾಯವನ್ನೂ ಸಂಪಾದಿಸುತ್ತಾರೆ.

ಅಶ್ವಿನೀದೇವತೆಗಳ ಮಾರ್ಗ ನಿಜವಾಗಿ ತೆರೆದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಅದಕ್ಕೂ ಮೊದಲು ಅಮೆರಿಕದ ಜಿ. ವಿ. ಬ್ಲಾಕನ ಗ್ರಂಥ, 1908ರಲ್ಲಿ ಹೊರಬಂದದ್ದು, ದಂತವೈದ್ಯರಿಗೆ ವೇದಪ್ರಾಯವಾಗಿತ್ತು. ತುಂಬುವ ಲೋಹವು ಅಂಟುವ ಗುಣವುಳ್ಳದ್ದಲ್ಲವಾದುದರಿಂದ ಅದು ಕಳಚಿಬೀಳದಂತೆ ಕುಳಿಯನ್ನು ಒಳಗೆ ಅಗಲಿಸಿ ಕೊರೆಯಬೇಕಾಗಿತ್ತು, ಮುಂದೆ ಹುಳುಕು ತಾಗದಿರಲೆಂದು ಒಳ್ಳೆಯ ಭಾಗವನ್ನೂ ಕಡಿಯಬೇಕಾಗಿತ್ತು. ಒಂದು ಮೂಲೆ ಮುರಿದ ಬಾಚಿಹಲ್ಲಿಗೆ ಅಂದಿನ ಉಪಾಯಗಳಲ್ಲಿ ಹೆಚ್ಚಿನವು ಮುರಿಯದ ಭಾಗದ ಮೇಲೆ ನಡೆಸುವ ಹಿಂಸೆಯೇ ಆಗಿದ್ದವು. 1955ರಲ್ಲಿ ರಾಚೆಸ್ಟರಿನ ಮೈಕೇಲ್ ಬುವೊನೊಕೋರನು, ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲವನ್ನು ಅರೆನಿಮಿಷ ಸವರಿ ತೊಳೆದರೆ ಅದರ ನುಣುಪು ಹೋಗಿ ರಾಳವು ಬಲವಾಗಿ ಕಚ್ಚಿಕೊಳ್ಳುವುದೆಂದು ತೋರಿಸಿದನು. ಕೆಲವೇ ವರ್ಷಗಳಲ್ಲಿ ಬೋವೆನ್ ಎಂಬ ಸಂಶೋಧಕನು ಅದಕ್ಕೆ ತಕ್ಕ ರಾಳವನ್ನು ಒದಗಿಸಿ 1962ರಲ್ಲಿ ಪೇಟೆಂಟು ಪಡೆದನು. ನೋಡಲು ಅತಿ ಸಾಮಾನ್ಯವಾದ ಈ ಶೋಧವು ದಂತಚಿಕಿತ್ಸೆಯ ನೀತಿಯನ್ನೇ ತಿರುಗಿಸಿತು. ಒಂದನ್ನು ನಿಲ್ಲಿಸಲು ಇನ್ನೊಂದನ್ನು ಕಡಿಯಬೇಕಾದ ಅವಶ್ಯಕತೆ ತಪ್ಪಿತು. ಎನಾಮಲ್ಲಿನ ಚಕ್ಕೆ ಮಾತ್ರ ಹೋಗಿದ್ದರೆ ಅಂಚನ್ನು ನಯಗೊಳಿಸಿದರೆ ಸಾಕು; ಡೆಂಟಿನ್ನು ತೆರೆದಿದ್ದರೆ ಕಾಂಪೋಸಿಟ್ ರಾಳದಿಂದ ಒಂದೇ ಕೂರಿಕೆಯಲ್ಲಿ ಮೂಲೆಯನ್ನು ಕಟ್ಟಿಕೊಡಬಹುದು; ಚೂರು ಸಿಕ್ಕಿದ್ದರೆ ಅದನ್ನೇ ಮರಳಿ ಅಂಟಿಸಬಹುದು. ಹೀಗೆ ರೋಗಿಯ ಸ್ವಂತ ಚೂರನ್ನು ಮರಳಿ ಕೂಡಿಸಿದ ವೃತ್ತಾಂತ 1964ರಲ್ಲೇ ಪ್ರಕಟವಾಗಿದೆ. ಬಣ್ಣದಲ್ಲಿಯೂ ಸವೆತದಲ್ಲಿಯೂ ಅದನ್ನು ಸರಿಗಟ್ಟುವ ಕೃತಕವಸ್ತು ಇಲ್ಲ. ಒಣಗಿದ ಚೂರು ಬಿಳಿಚಿಕೊಳ್ಳುತ್ತದೆ, ಅಂಟೂ ದುರ್ಬಲವಾಗುತ್ತದೆ. ಆದುದರಿಂದ ಕಾಗದದಲ್ಲಿ ಸುತ್ತಿ ಜೇಬಿಗಿಳಿಸದೆ ಹಾಲಿನಲ್ಲೋ ನೀರಿನಲ್ಲೋ ಹಾಕಿ ಒಯ್ಯತಕ್ಕದ್ದು.

ಮಜ್ಜೆಯು ಕೆಂಪಗೆ ಕಾಣುವಂತೆ ಮುರಿದಾಗ ಏನು ಮಾಡಬೇಕೆಂಬ ವಿಷಯದಲ್ಲಿ ನನಗೆ ಅತ್ಯಂತ ಗೌರವವಿರುವುದು ಸ್ವೀಡನ್ನಿನ ಮಿಯೊಮಿರ್ ಸ್ವೆಕ್ ಎಂಬ ವೈದ್ಯನ ಕೆಲಸದ ಮೇಲೆ. ತೆರೆದ ಮಜ್ಜೆ ಕೆಟ್ಟ ಮಜ್ಜೆಯೆಂದೂ ಅದನ್ನು ಪೂರ್ತಿಯಾಗಿ ತೆಗೆಯಬೇಕೆಂದೂ ರೂಢಿಯಾಗಿದ್ದ ಕಾಲದಲ್ಲಿ, ಮೇಲಿನ ಸುಮಾರು 2 ಮಿಲಿಮೀಟರಿನಷ್ಟನ್ನು ಮಾತ್ರ ಮೃದುವಾಗಿ ತೆಗೆದು, ರಕ್ತ ನಿಂತ ಮೇಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಲೇಪವಿಟ್ಟು ಮುಚ್ಚುವ ಕ್ರಮವನ್ನು ಅವನು 60 ಹಲ್ಲುಗಳಲ್ಲಿ ನಡೆಸಿ, ನೂರಕ್ಕೆ 96ರಷ್ಟು ಗುಣವಾದುದನ್ನು 1978ರಲ್ಲಿ ವರದಿಮಾಡಿದನು. ಕೆಲವು ಹಲ್ಲುಗಳಲ್ಲಿ ಮಜ್ಜೆ ತೆರೆದು 90 ದಿನಗಳಾಗಿದ್ದವೆಂಬುದು ಗಮನಾರ್ಹ. ಗಾಯದ ಮೇಲ್ಭಾಗ ಕೆಟ್ಟಿದ್ದರೂ ಒಳಭಾಗ ಬಾಳಬಲ್ಲದೆಂಬ ವಿಶ್ವಾಸವೇ ಇದರ ತಿರುಳು. ಬಾಲಕನ ಬೇರು ಬೆಳೆಯುತ್ತ ಹೋಗುವುದು ಈ ವಿಶ್ವಾಸದ ಫಲ. ಈಗ ಬಂದಿರುವ ಹೊಸ ಸಿಮೆಂಟುಗಳು ಲೇಪವನ್ನು ಉತ್ತಮಗೊಳಿಸಿವೆ, ಕ್ರಮವನ್ನು ಬದಲಿಸಿಲ್ಲ.

ಇಷ್ಟು ಸಾಧನೆಯಿರುವಾಗ ಇಂದಿನ ನಗರಗಳಲ್ಲಿ ಕಾಣುವ ರೂಢಿ ನಿರಾಶೆಯನ್ನುಂಟುಮಾಡುತ್ತದೆ. ಅಂಚು ಮುರಿದ ಹಲ್ಲಿಗೆ ರೂಟ್ ಕೆನಾಲ್, ರೂಟ್ ಕೆನಾಲಿಗೆ ಕ್ಯಾಪು ಎಂಬ ಸರಪಳಿಯನ್ನು ಮಂತ್ರದಂತೆ ಉಚ್ಚರಿಸುವವರು ಕಡಮೆಯಿಲ್ಲ. ಕ್ಯಾಪು ತೊಡಿಸುವುದಕ್ಕಾಗಿ ಸುತ್ತಲೂ ಅರೆದಾಗ ಹಲ್ಲಿನ ಕಾಣುವ ಭಾಗದ ಮೂರರಲ್ಲಿ ಎರಡು ಪಾಲಿನಷ್ಟೋ ಅದಕ್ಕೂ ಹೆಚ್ಚೋ ಪುಡಿಯಾಗಿ ಹೋಗುತ್ತದೆ; ಮುರಿದದ್ದು ಮೂಲೆಯಷ್ಟೇ ಆಗಿದ್ದರೆ ಇದು ಮೂಲೆಯ ಗಾರೆ ಉದುರಿತೆಂದು ಮನೆಯನ್ನೇ ಕೆಡವಿಸಿದಂತಾಯಿತು. ಮಜ್ಜೆ ತೆಗೆದ ಹಲ್ಲು ಒಣಗಿ ಪೆಡಸಾಗುವುದರಿಂದ ಕ್ಯಾಪು ಅನಿವಾರ್ಯವೆಂಬ ವಾದವೂ ಪರೀಕ್ಷೆಗೆ ನಿಲ್ಲುವುದಿಲ್ಲ. 1989ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ, ನಾಳಕ್ಕೆ ದಾರಿ ಕೊರೆದುದರಿಂದ ಹಲ್ಲಿನ ಬಿಗುವು ನೂರಕ್ಕೆ 5ರಷ್ಟು ಮಾತ್ರ ಕುಗ್ಗಿತು. ಎರಡು ಪಕ್ಕದ ದಿಂಡುಗಳನ್ನೂ ಕಡಿದ ಕುಳಿಯಿಂದಲಾದರೋ 63ರಷ್ಟು. ಹಲ್ಲನ್ನು ದುರ್ಬಲಗೊಳಿಸುವುದು ಗೋಡೆಗಳ ನಾಶ. ಈ ಕಾರಣದಿಂದಲೇ ಗೋಡೆ ಕಳೆದುಕೊಂಡ ದವಡೆಹಲ್ಲಿಗೆ ಕ್ಯಾಪು ನ್ಯಾಯವಾದುದು, ಬಹುವೇಳೆ ಅಗತ್ಯವಾದುದು. ಅಗಿಯುವ ಭಾರದಲ್ಲಿ ಅದು ಸೀಳದಂತೆ ಹಿಡಿದಿಡುವ ಬೇರೆ ಉಪಾಯ ದುರ್ಲಭ. ಅದೇ ಕ್ಯಾಪನ್ನು ಹದಿನಾಲ್ಕು ವರ್ಷದ ಹುಡುಗಿಯ ಜೀವಂತ ಬಾಚಿಹಲ್ಲಿಗೆ ಸೂಚಿಸುವುದನ್ನು ನಾನು ಸಮರ್ಥಿಸಲಾರೆ. ವೈದ್ಯರನ್ನು ಮಾತ್ರ ದೂರುವುದೂ ಸರಿಯಲ್ಲ: ಗಳಿಗೆಯ ಕೆಲಸಕ್ಕೆ ಶುಲ್ಕವೇಕೆಂದು ಚೌಕಾಸಿ ಮಾಡುವ ರೋಗಿಯು ಹೊಳೆಯುವ ಪಿಂಗಾಣಿಗೆ ಮರುಮಾತಿಲ್ಲದೆ ಹಣ ತೆರುತ್ತಾನೆ, ರಾಳದ ಕೆಲಸವು ಕೆಲವು ವರ್ಷಗಳಲ್ಲಿ ಬಣ್ಣಗೆಟ್ಟು ಚಕ್ಕೆಯೇಳಬಹುದೆಂಬುದನ್ನೂ ಮತ್ತೆ ಸರಿಪಡಿಸಬಹುದೆಂಬುದನ್ನೂ ಸಮಾಧಾನದಿಂದ ಕೇಳುವುದಿಲ್ಲ.

ಬಿರುಕುಬಿಟ್ಟ, ಆದರೆ ಮುರಿಯದ ದವಡೆಹಲ್ಲಿನ ಮುಂದೆ ಎಲ್ಲ ಪದ್ಧತಿಗಳೂ ತಡವರಿಸುತ್ತವೆ. 1964ರಲ್ಲಿ ಕ್ಯಾಮರಾನ್ ಎಂಬ ದಂತವೈದ್ಯನು ಇದಕ್ಕೊಂದು ಹೆಸರಿಟ್ಟು ಇದರ ಲಕ್ಷಣಗಳನ್ನು ಒಟ್ಟುಗೂಡಿಸಿದನು: ಕಚ್ಚಿದಾಗ, ಅದಕ್ಕಿಂತ ಹೆಚ್ಚಾಗಿ ಕಚ್ಚಿದ್ದನ್ನು ಬಿಟ್ಟಾಗ, ಮಿಂಚಿನಂತೆ ಹೊಡೆಯುವ ನೋವು. ಬಿರುಕು ಹಲ್ಲಿನ ಮುಂದಿನಿಂದ ಹಿಂದಕ್ಕೆ ಓಡುವುದರಿಂದ ಕ್ಷಕಿರಣದ ದಾರಿಗೆ ಅಡ್ಡಲಾಗಿದ್ದು ಸಾಮಾನ್ಯವಾಗಿ ಚಿತ್ರದಲ್ಲಿ ಮೂಡುವುದಿಲ್ಲ. ರೋಗಿಯನ್ನು ಅನುಮಾನಿಸಿ ಕಳುಹಿಸಿಬಿಡುವುದು ಸುಲಭ. ಒಂದೊಂದು ಉಬ್ಬಿನ ಮೇಲೆ ಕಡ್ಡಿಯಿಟ್ಟು ಕಚ್ಚಿಸಿ, ಪಕ್ಕದಿಂದ ದೀಪ ಹಾಯಿಸಿ, ಹಳೆಯ ತುಂಬುವಿಕೆಯನ್ನು ತೆಗೆದು ನೋಡುವಷ್ಟು ತಾಳ್ಮೆಯುಳ್ಳವನಿಗೆ ಮಾತ್ರ ಅದು ಸಿಕ್ಕುತ್ತದೆ. ಸಿಕ್ಕಿದ ಮೇಲೂ ಕ್ಯಾಪು ಬಿರುಕನ್ನು ಬೆಸೆಯುವುದಿಲ್ಲ, ಅಗಲವಾಗದಂತೆ ತಡೆಯಲು ಯತ್ನಿಸುತ್ತದೆ. ಬಿರುಕು ಬೇರಿನ ಉದ್ದಕ್ಕೂ ಇಳಿದಿದ್ದರೆ ಸುಶ್ರುತನ ಅಸಾಧ್ಯವೆಂಬ ತೀರ್ಪೇ ಇಂದಿಗೂ ಉಳಿದಿದೆ, ಆ ಹಲ್ಲನ್ನೋ ಆ ಬೇರನ್ನೋ ಕೀಳಲೇಬೇಕು. ಹಣ ಎಣಿಸಿಕೊಳ್ಳುವ ಮೊದಲೇ ಇಷ್ಟನ್ನೂ ಬಾಯಿಬಿಟ್ಟು ಹೇಳಿ, ಮೊದಲು ತಾತ್ಕಾಲಿಕವಾದ ಪಟ್ಟಿಯೊಂದನ್ನು ತೊಡಿಸಿ, ಕೆಲವು ವಾರ ಕಾದು ನೋವು ಇಳಿಯಿತೇ ಎಂದು ನೋಡಿ ಮುಂದುವರಿಯುವ ವೈದ್ಯನು ಸಿಕ್ಕಿದರೆ, ಅಡಕೆಯ ಸಂಚಿಯನ್ನು ಅವನ ಮೇಜಿನ ಮೇಲೆಯೇ ಬಿಟ್ಟುಬರುವುದು ರೋಗಿಯ ಪಾಲಿನ ಕೆಲಸ.